ಕಾಕಾ ಆರಿಸಿಕೊಟ್ಟ ಪರದೆ

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಬೆಳ್ಳಗಿರುತ್ತಿತ್ತು. ಮೊದಲ ಸಲ ನೋಡಿದಾಗ ಸುಣ್ಣ ಮೆತ್ತಿಕೊಂಡಿದೆ, ಎಲೆ ಅಡಿಕೆಯ ಮನುಷ್ಯ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ವಿಭೂತಿ. ಯಾವ ಕಂಪ್ಯೂಟರಿನ ಮುಂದೆ ಕೂತರೂ ಅವರು ಮೊದಲು ಹಣೆಯ ವಿಭೂತಿಗೆ ಹೆಬ್ಬೆರಳು ತಾಗಿಸಿ, ಉಗುರಿನ ಮೇಲೆ ಸವರಿಕೊಂಡು, ಪರದೆಯಲ್ಲಿ ಖಾಲಿ ಬಿಳಿ ಹಾಳೆಯೊಂದನ್ನು ತೆರೆಸಿ ಅದರ ಪಕ್ಕಕ್ಕೆ ಹಿಡಿಯುತ್ತಿದ್ದರು. ಪರದೆಯ ಬಿಳುಪು ನೀಲಿಗೆ ತಿರುಗಿದೆಯೋ ಹಳದಿಗೆ ತಿರುಗಿದೆಯೋ ಅವರಿಗೆ ಅಷ್ಟರಲ್ಲೇ ತಿಳಿಯುತ್ತಿತ್ತು.

“ಬಿಳೀದ ಸುಳ್ಳ ಹೇಳಿದ್ರ ಉಳದ ಬಣ್ಣ ಎಲ್ಲಾ ಸುಳ್ಳ ಹೇಳತಾವ ಯವ್ವಾ,” ಎನ್ನುತ್ತಿದ್ದರು. ಅಂಗಡಿಯವನು ಪಕ್ಕದಲ್ಲೇ ನಿಂತು ತನ್ನ ಪರದೆಯ ಗುಣಗಾನ ಮಾಡುತ್ತಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇರಲಿಲ್ಲ. ಗೋಕಾಕದ ಸುತ್ತ ಲಗ್ನಪತ್ರಿಕೆ, ಫ್ಲೆಕ್ಸು, ಫೋಟೋ ಆಲ್ಬಮ್ಮು, ಜಂಪರಿನ ಕಸೂತಿ ಎಂದು ಕಂಪ್ಯೂಟರಿನಲ್ಲಿ ಚಿತ್ರ ತೆಗೆದು ಹೊಟ್ಟೆ ಹೊರೆಯುವ ಜನರಿಗೆಲ್ಲ ಅವರು ಕಾಕಾನೇ. ವಯಸ್ಸಿನಲ್ಲಿದ್ದಾಗ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲು ಪರೀಕ್ಷೆ ಮಾಡುತ್ತಿದ್ದರಂತೆ. ಒಂದೇ ಥರ ಕಾಣುವ ಬಿಳಿ ನೂಲಿನ ಉಂಡೆಗಳಲ್ಲಿ ಯಾವುದು ಹಾಲಿನ ಬಿಳಿ, ಯಾವುದು ಎಲುಬಿನ ಬಿಳಿ, ಯಾವುದಕ್ಕೆ ಎಣ್ಣೆಯ ಛಾಯೆ ಬಿದ್ದಿದೆ ಎಂದು ಕಿಟಕಿಯ ಬೆಳಕಿಗೆ ಹಿಡಿದು ಬೇರೆ ಮಾಡುವ ಕೆಲಸ. ಗಿರಣಿ ಬಿಟ್ಟಮೇಲೆ ಪೇಟೆಯಲ್ಲಿ ಮಹಡಿಯ ಮೇಲೊಂದು ಖೋಲಿ ಹಿಡಿದು ಕಂಪ್ಯೂಟರ್ ಜೋಡಿಸುವುದನ್ನು ಕಲಿತರು. ಆ ಖೋಲಿಯಲ್ಲಿ ಮಾರಾಟಕ್ಕೆ ಒಂದೂ ಕಂಪ್ಯೂಟರ್ ಇರುತ್ತಿರಲಿಲ್ಲ. ಒಂದು ಮೇಜು, ಅವರ ಸ್ವಂತದ ಒಂದು ಪರದೆ, ಎರಡು ಕುರ್ಚಿ, ಗೋಡೆಗೆ ಬೂದಿ ಬಣ್ಣ, ಇಷ್ಟೇ.

ಅವರ ಕೆಲಸ ಆರಿಸಿಕೊಡುವುದು. “ಯಾವ ಕಂಪ್ಯೂಟರ್ ತಗೋಬೇಕ್ರಿ ಕಾಕಾ?” ಎಂದು ಕೇಳಿದವರಿಗೆ ತಿರುಗಿ ಅವರದೇ ಒಂದು ಪ್ರಶ್ನೆ ಇರುತ್ತಿತ್ತು: “ಏನ್ ಚಿತ್ರಾ ತಗೀತಿ? ಎಲ್ಲಿ ಕುಂತ ತಗೀತಿ?” ಉತ್ತರ ಕೇಳಿ ಸುಮ್ಮನಾಗುತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಬಸ್ಸು ಹತ್ತಿ ಕೇಳಿದವರ ಊರಿಗೇ ಬಂದು, ಕೆಲಸ ಮಾಡುವ ಜಾಗದಲ್ಲಿ ಒಂದು ಮೂಲೆ ಹಿಡಿದು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ನೋಡುತ್ತಿದ್ದರು. ಚಹಾ ಕೊಟ್ಟರೆ ಕುಡಿಯುವರು, ಮಾತಾಡಿಸಿದರೆ “ನೀವ್ ಕೆಲಸಾ ಮಾಡ್ರಿ” ಎನ್ನುವರು. ಆಮೇಲೆ ಹಳೆಯ ಲಗ್ನಪತ್ರಿಕೆಯ ಬೆನ್ನ ಮೇಲೆ ಪಟ್ಟಿ ಬರೆದುಕೊಡುವರು. ಪಟ್ಟಿಯಲ್ಲಿ ಮೊದಲು ಕುರ್ಚಿ, ಎರಡನೆಯದು ಮೇಜಿನ ದೀಪ, ಮೂರನೆಯದು ಪರದೆ. ಎಲ್ಲರೂ ಹಾತೊರೆಯುವ ಪ್ರೊಸೆಸರು ಎಲ್ಲೋ ಐದನೆಯದೋ ಆರನೆಯದೋ. ಎಷ್ಟೋ ಜನ ಅಲ್ಲೇ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಅಂಕಲಗಿಯಲ್ಲಿ ಫ್ಲೆಕ್ಸ್ ಅಂಗಡಿ ತೆರೆಯಲು ಹೊರಟ ಒಬ್ಬನದು ಗಿಳಿಹಸಿರು ಗೋಡೆ. ಕಾಕಾ ಇಡೀ ದಿನ ಕೂತು ನೋಡಿ ಪಟ್ಟಿಯಲ್ಲಿ ಒಂದೇ ಸಾಲು ಬರೆದುಕೊಟ್ಟರು: ಗೋಡೆಗೆ ಬೂದಿ ಬಣ್ಣ ಹಚ್ಚಿಸಿ, ಒಣಗಿದ ಮೇಲೆ ಕರೆಯಿರಿ. ಆ ಮನುಷ್ಯ ಕೆಂಡಾಮಂಡಲವಾಗಿ, “ಕಂಪ್ಯೂಟರ್ ಕೇಳಾಕ ಹೋದ್ರ ಸುಣ್ಣಾ ಬಣ್ಣಾ ಮಾಡ್ಸಂತಾನ ಮುದುಕ” ಎಂದು ಊರೆಲ್ಲ ಹೇಳಿಕೊಂಡು ತಿರುಗಾಡಿದ. ಮೂರು ತಿಂಗಳಾದ ಮೇಲೆ ಅವನು ಮಾಡಿದ ಬ್ಯಾನರುಗಳಲ್ಲಿ ಊರ ಹಿರಿಯರ ಮುಖಗಳೆಲ್ಲ ಬೇಯಿಸಿದ ಗಜ್ಜರಿಯ ಹಾಗೆ ಕೆಂಪಗೆ ಬರತೊಡಗಿದವು. ಹಸಿರು ಗೋಡೆಯ ಬೆಳಕಿನಲ್ಲಿ ಕೂತ ಕಣ್ಣಿಗೆ ಎಲ್ಲ ಮುಖವೂ ಸಪ್ಪೆ ಕಂಡು, ಕೆಂಪು ಏರಿಸುತ್ತ ಹೋಗಿದ್ದ. ಕೊನೆಗೆ ತಾನೇ ಬಂದು ಬೂದಿ ಬಣ್ಣದ ಡಬ್ಬಿ ಯಾವುದು ತರಲಿ ಎಂದು ಕೇಳಿದ. ಕಾಕಾ ಡಬ್ಬಿಯ ನಂಬರು ಬರೆದುಕೊಟ್ಟರು.

ಈ ಕಥೆ ಹೇಳಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಆದರೆ ನಾನು ಮಾಡಿದ ಎಡವಟ್ಟಿನ ಮುಂದೆ ಆ ಮನುಷ್ಯನದು ಏನೂ ಅಲ್ಲ.

ಆಗ ನಾನು ಹುಕ್ಕೇರಿಯಲ್ಲಿ ಒಂದು ಲಗ್ನಪತ್ರಿಕೆಯ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ. ಐದು ವರ್ಷ ಗಣಪತಿಯ ಸೊಂಡಿಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತಿರುಗಿಸಿ ಸಾಕಾಗಿತ್ತು. ಸ್ವಂತಕ್ಕೆ ಏನಾದರೂ ಮಾಡಬೇಕು, ನನ್ನ ಹೆಸರಿನಲ್ಲಿ ಮಾಡಬೇಕು ಎನ್ನುವ ಹಟ. ಮನೆಯಲ್ಲಿ ಅವ್ವ ಒಂದು ವರ್ಷದ ಗಡುವು ಕೊಟ್ಟಿದ್ದಳು. ಅಷ್ಟರಲ್ಲಿ ನೆಲೆ ಕಾಣದಿದ್ದರೆ ಮತ್ತೆ ಪ್ರೆಸ್ಸಿಗೆ ಹೋಗಬೇಕು, ಕಂಪ್ಯೂಟರ್ ಮಾತೆತ್ತಬಾರದು. ಗೆಳತಿಯೊಬ್ಬಳು ಕಾಕಾನ ಹೆಸರು ಹೇಳಿದಳು. ಅವರು ಹುಕ್ಕೇರಿಗೆ ಬಂದು ನಮ್ಮ ಪಡಸಾಲೆಯಲ್ಲಿ ಬೆಳಿಗ್ಗೆಯಿಂದ ಕೂತರು. ನಾನು ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಅದನ್ನೇ ಕಡ ತಂದ ಹಳೆಯ ಕಂಪ್ಯೂಟರಿನಲ್ಲಿ ಮೌಸು ಹಿಡಿದು ತಿದ್ದುವುದನ್ನು ನೋಡಿದರು. ಕಿಟಕಿಯ ಬಿಸಿಲು ಎಷ್ಟು ಹೊತ್ತಿಗೆ ಪರದೆಗೆ ಬೀಳುತ್ತದೆ ಎಂದು ನೋಡಿದರು. ಸಂಜೆ ಪಟ್ಟಿ ಕೊಟ್ಟರು: ಬೆನ್ನಿಗೆ ಆಸರೆ ಇರುವ ಕುರ್ಚಿ, ದೀಪ, ಹೊಳಪಿಲ್ಲದ ಗಾಜಿನ ದೊಡ್ಡ ಪರದೆ, ಬಾಜೂದಿಂದ ನೋಡಿದರೂ ಬಣ್ಣ ಬದಲಾಗದಂಥದು, ಪೆನ್ಸಿಲಿನಂತೆ ಹಿಡಿದು ಬರೆಯಲು ಒಂದು ಸಣ್ಣ ಪೆನ್ ಟ್ಯಾಬ್ಲೆಟ್, ಮೆಮೊರಿ ಹೆಚ್ಚಿರುವ ಸಾದಾ ಕಂಪ್ಯೂಟರ್ ಡಬ್ಬಿ, ಕರೆಂಟು ಹೋದರೆ ಕೆಲಸ ಉಳಿಸಿಕೊಳ್ಳಲು ಯುಪಿಎಸ್.

ನನಗೆ ಅವಮಾನವಾದಂತಾಯಿತು. ಸಾದಾ ಡಬ್ಬಿ! ನನ್ನ ಕಣ್ಣಲ್ಲಿ ಕೂತಿದ್ದು ಬೆಳಗಾವಿಯ ಅಂಗಡಿಯಲ್ಲಿ ಕಂಡ ಒಂದು ಲ್ಯಾಪ್‌ಟಾಪು. ಕನ್ನಡಿಯ ಹಾಗೆ ಹೊಳೆಯುವ ಪರದೆ, ಕೀಲಿಗಳ ಕೆಳಗೆ ಏಳು ಬಣ್ಣದ ದೀಪ. ಅದರಲ್ಲಿ ನನ್ನ ಗಣಪತಿಯೂ ಮೈತುಂಬ ಬಂಗಾರ ಹಾಕಿಕೊಂಡಂತೆ ಕಂಡಿದ್ದ. ಕಾಕಾನಿಗೆ ಒಂದು ಮಾತೂ ಹೇಳದೆ ಅದನ್ನೇ ತಂದೆ. ತಂದಮೇಲೆ ಜಂಬ ತಡೆಯದೆ ಗೋಕಾಕಕ್ಕೆ ಒಯ್ದು ತೋರಿಸಿದೆ.

ಕಾಕಾ ಹೆಬ್ಬೆರಳು ಹಿಡಿದು ನೋಡಿದರು. ಕೈ ಕೆಳಗಿಟ್ಟರು.

“ಛಲೋ ಆತು ಬಿಡು. ಇದರಾಗ ಏನ್ ತಗದ್ರೂ ಛಂದ ಕಾಣತೈತಿ,” ಎಂದು ಮುಚ್ಚಳ ಮುಚ್ಚಿ, “ಅದ ನನಗ ಅಂಜಿಕಿ,” ಎಂದರು.

ಮುದುಕರಿಗೆ ಹೊಸದನ್ನು ಕಂಡರೆ ಆಗುವುದಿಲ್ಲ ಅಂದುಕೊಂಡೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಹೊಡೆದುಕೊಳ್ಳಬೇಕೆನಿಸುತ್ತದೆ.

ಗಡುವಿನ ವರ್ಷದಲ್ಲಿ ಹತ್ತು ತಿಂಗಳು ಸಣ್ಣಪುಟ್ಟ ಕೆಲಸದಲ್ಲೇ ಕಳೆದವು. ಆಗ ಮೂಡಲಗಿಯಿಂದ ಕರೆ ಬಂತು. ಅಲ್ಲಿ ಕುರುಬರ ಮನೆಯ ಹೆಣ್ಣುಮಕ್ಕಳು ಒಂದು ಸಂಘ ಕಟ್ಟಿಕೊಂಡು ಉಣ್ಣೆ ನೂತು ಕಂಬಳಿ ಮಾಡಿಸುತ್ತಿದ್ದರು. ಬೆಳಗಾವಿಯಲ್ಲಿ ಒಂದು ಪ್ರದರ್ಶನವಿತ್ತು. ಬಣ್ಣ ಹಾಕದ, ಕುರಿಯ ಮೈಬಣ್ಣದ್ದೇ ಆದ ಕಂಬಳಿ ಬೇಕೆಂದು ದೂರದ ಊರಿನ ವ್ಯಾಪಾರಿಯೊಬ್ಬರು ಅಲ್ಲಿಗೆ ಬರುವವರಿದ್ದರು. ಅವರ ಕೈಗೆ ಕೊಡಲು ಒಂಬತ್ತು ಕಂಬಳಿಗಳ ಫೋಟೋ ಇರುವ ಪುಸ್ತಕ ಮಾಡಿಕೊಡಬೇಕು. ಇದು ಚೆನ್ನಾಗಿ ಬಂದರೆ ಅವ್ವನ ಮುಂದೆ ತಲೆ ಎತ್ತಿ ನಿಲ್ಲಬಹುದು, ಸಂಘದ ಹೆಣ್ಣುಮಕ್ಕಳಿಗೆ ವರ್ಷಪೂರ್ತಿ ಕೆಲಸ ಸಿಗುತ್ತದೆ.

ಫೋಟೋ ತೆಗೆದು ತಂದು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಕಂಬಳಿಗಳ ಮೇಲೆ ಅಲ್ಲಲ್ಲಿ ಕಂದು ಛಾಯೆ, ಬೂದು ಛಾಯೆ. ಧೂಳು ಕೂತಿದೆ, ಹಳತಾಗಿದೆ ಎಂದುಕೊಂಡೆ. ಹುಟ್ಟಿದಾಗಿನಿಂದ ಕರಿ ಕಂಬಳಿ ಎಂದೇ ಕೇಳಿ ಬೆಳೆದವಳು ನಾನು. ದೇವರ ಮುಂದೆ ಹಾಸುವುದೂ ಕರಿ ಕಂಬಳಿ, ಅಜ್ಜ ಹೊಲಕ್ಕೆ ಹೊದ್ದುಕೊಂಡು ಹೋಗುತ್ತಿದ್ದುದೂ ಕರಿ ಕಂಬಳಿ. ಕರಿ ಅಂದಮೇಲೆ ಕಪ್ಪಗೇ ಇರಬೇಕಲ್ಲ! ಕೂತು ಒಂದೊಂದರದೇ ಕಂದು ಒರೆಸಿದೆ, ಬೂದು ಒರೆಸಿದೆ. ನನ್ನ ಹೊಳೆಯುವ ಪರದೆಯಲ್ಲಿ ಒಂಬತ್ತೂ ಕಂಬಳಿ ಮಿರಮಿರ ಮಿಂಚಿದವು, ಎಳೆ ಎಳೆ ಎಣಿಸಬಹುದಿತ್ತು. ಖುಷಿಯಾಗಿ ಎಲ್ಲ ಪ್ರತಿಗಳನ್ನೂ ಒಮ್ಮೆಲೇ ಬೆಳಗಾವಿಯಲ್ಲಿ ಅಚ್ಚು ಹಾಕಿಸಿ, ಕಟ್ಟು ಬಿಚ್ಚದೆ ನೇರ ಮೂಡಲಗಿಗೆ ಒಯ್ದೆ.

ಸಂಘದಲ್ಲಿ ಉಣ್ಣೆ ಆರಿಸುವ ಅಜ್ಜಿ ಮೊದಲ ಪುಸ್ತಕ ಕೈಗೆತ್ತಿಕೊಂಡಳು. ಓದು ಬರಹ ಬಾರದು, ಆದರೆ ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಕುರಿಯ ಉಣ್ಣೆ ಎಂದು ಹೇಳುವವಳು. ನಿಧಾನವಾಗಿ ಒಂಬತ್ತೂ ಪುಟ ತಿರುವಿದಳು. ಒಂಬತ್ತೂ ಪುಟದಲ್ಲಿ ಡಾಂಬರು ಸುರಿದಂತೆ ಒಂದೇ ಕಪ್ಪು. ಎಳೆಯಿಲ್ಲ, ನೇಯ್ಗೆಯಿಲ್ಲ. ಪರದೆಯ ಅತಿ ಬೆಳಕಿಗೆ ಮೋಸಹೋಗಿ ನಾನು ಎಲ್ಲವನ್ನೂ ಕತ್ತಲೆಗೆ ದೂಡಿದ್ದೆ.

“ಇದ್ಯಾವ ಕುರಿ ಯವ್ವಾ?” ಎಂದು ಅಜ್ಜಿ ನನ್ನನ್ನೇ ಕೇಳಿದಳು. “ನಮ್ಮ ಹಿಂಡಿನ್ಯಾಗ ಇಂಥಾದ ಇಲ್ಲ ನೋಡ.”

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಬಣ್ಣ ಹಾಕದ ಕಂಬಳಿ ಬೇಕೆಂದು ಬರುವ ವ್ಯಾಪಾರಿಗೆ ಈ ಪುಸ್ತಕ ಕೊಟ್ಟರೆ, ಇವು ಬಣ್ಣದ ಕೊಪ್ಪರಿಗೆಯಲ್ಲಿ ಅದ್ದಿ ತೆಗೆದವು ಎನ್ನುತ್ತಾರೆ. ಪ್ರದರ್ಶನಕ್ಕೆ ಎಂಟು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಪುಸ್ತಕ, ಲ್ಯಾಪ್‌ಟಾಪು ಹೊತ್ತು ಗೋಕಾಕದ ಬಸ್ಸು ಹತ್ತಿದೆ. ಕಾಕಾ ಏನು ಬೈಯಬಹುದು ಎಂದು ದಾರಿಯುದ್ದಕ್ಕೂ ಉತ್ತರ ಹೊಂದಿಸುತ್ತ ಹೋದೆ. ಮಹಡಿ ಹತ್ತಿ ಪುಸ್ತಕ ಅವರ ಮುಂದಿಟ್ಟು, “ನಾ ಮತ್ತ ಪ್ರೆಸ್ಸಿಗೆ ಹೋಕ್ಕೀನ್ರಿ ಕಾಕಾ. ಇದು ನನ್ನ ಕೈಲೆ ಆಗೂ ಕೆಲಸ ಅಲ್ಲ,” ಎಂದೆ.

ಅವರು ಪುಸ್ತಕ ತೆರೆಯಲೇ ಇಲ್ಲ.

“ಕಂಬಳಿ ತಂದೀಯೇನ?”

“ಇಲ್ರಿ.”

“ಮತ್ತ ಏನ್ ನೋಡಿ ತಿದ್ದಿದಿ?”

ಅವರು ಎದ್ದು ತಮ್ಮ ಮೇಜಿನ ಮೇಲಿನ ಪರದೆಯ ವಯರು ಕಿತ್ತರು. ಹಳೆಯ ಚಾದರದಲ್ಲಿ ಸುತ್ತಿ, ಎದೆಗವುಚಿಕೊಂಡು ಮೆಟ್ಟಿಲು ಇಳಿಯತೊಡಗಿದರು. ನಾನು ಹಿಡಿದುಕೊಳ್ಳಲು ಹೋದರೆ ಕೊಡಲಿಲ್ಲ.

ಮೂಡಲಗಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕಂಡಕ್ಟರು ಬಂದು, “ಏನ್ರಿ ಯಜಮಾನ್ರ, ಟಿವಿ ಏನ್ರಿ?” ಎಂದ.

“ಅಲ್ಲೋ ತಮ್ಮಾ, ಇದರಾಗ ಸೀರಿಯಲ್ಲ ಬರೂದಿಲ್ಲ,” ಎಂದರು ಕಾಕಾ. ಅಷ್ಟು ಬೇಸರದಲ್ಲೂ ನನಗೆ ನಗು ಬಂತು.

ಸಂಘದ ಶೆಡ್ಡಿನಲ್ಲಿ ಕಂಬಳಿಗೆ ಬಳಿಯುವ ಹುಣಸೆ ಬೀಜದ ಗಂಜಿಯ ವಾಸನೆ ತುಂಬಿತ್ತು. ಕಾಕಾ ಬಾಗಿಲ ಬೆಳಕು ನೇರ ಬೀಳದ ಜಾಗ ಹುಡುಕಿ ಪರದೆ ಇಟ್ಟರು, ಅದಕ್ಕೆ ನನ್ನ ಲ್ಯಾಪ್‌ಟಾಪನ್ನು ಜೋಡಿಸಿದರು. ಕೀಲಿಗಳ ದೀಪ ನೋಡಿ ಅಜ್ಜಿ, “ಇದ್ಯಾಕ ಹಿಂಗ ಮಿಣಮಿಣ ಅಂತೈತಿ, ದೀಪಾವಳಿ ಏನ?” ಎಂದಳು. ಹೆಣ್ಣುಮಕ್ಕಳೆಲ್ಲ ನಕ್ಕರು. ನಾನು ದೀಪ ಆರಿಸಿದೆ. ಕಾಕಾ ಹೆಬ್ಬೆರಳಿಗೆ ವಿಭೂತಿ ಸವರಿ ಪರದೆಗೆ ಹಿಡಿದು, “ಬೆಳ್ಳಗ ಐತೇನ ನೋಡಬೇ,” ಎಂದು ಅಜ್ಜಿಯನ್ನು ಕೇಳಿದರು. “ಐತಿ,” ಎಂದಳು. ಪರದೆಯ ಪಕ್ಕಕ್ಕೆ ಹಗ್ಗ ಕಟ್ಟಿ ಮೊದಲ ಕಂಬಳಿ ಇಳಿಬಿಟ್ಟರು. ಎದುರಿಗಿದ್ದ ಒಂದೇ ಕುರ್ಚಿಯಲ್ಲಿ ನಾನು ಕೂರಲು ಹೋದೆ.

“ನೀ ಅಲ್ಲ. ಆಯಿ ಕುಂಡರ್ಲಿ. ನೀ ಕೆಳಗ ಕುಂಡ್ರು. ಆಕಿ ಹೇಳಿದಂಗ ನಿನ್ನ ಕೈ ಓಡಾಡಲಿ, ಅಷ್ಟ.”

ಹೀಗೆ ನಾನು ನೆಲದ ಮೇಲೆ ಕೂತೆ, ಕುರ್ಚಿಯ ಮೇಲೆ ಅಜ್ಜಿ. ಮೊದಮೊದಲು ಅಜ್ಜಿಗೆ ನಾಚಿಕೆ. ಆಮೇಲೆ ದನಿ ಏರಿತು. “ಇನ್ನೊಂಚೂರ ಕೆಂಪ ಬರಬೇಕ. ಇದು ಬಿಸಲಾಗ ತುದಿ ಸುಟ್ಟ ಉಣ್ಣಿ. ಕುರಿ ಬಿಸಲಾಗ ಮೇದಿಲ್ಲೇನು ಮತ್ತ?” ಎನ್ನುವಳು. ಮತ್ತೊಂದಕ್ಕೆ, “ಇದು ಮರಿ ಉಣ್ಣಿ, ಮೊದಲನೇ ಕತ್ತರೀದು. ಇದೊಂದ ಖರೇ ಕರೀದು. ಇದನ್ನ ಹಂಗ ಬಿಡು,” ಎನ್ನುವಳು. ನಾನು ಧೂಳೆಂದು ಒರೆಸಿದ್ದು ಕುರಿಗಳು ಮೇದ ಬಿಸಿಲಾಗಿತ್ತು, ವಯಸ್ಸಾಗಿತ್ತು. ಉಳಿದ ಹೆಣ್ಣುಮಕ್ಕಳೂ ಚರಕ ಬಿಟ್ಟು ಬಂದು ನಿಂತರು. ಇವಳು ಕಂದು ಎಂದರೆ ಅವಳು ಬೂದು ಎನ್ನುವಳು, ಕಂಬಳಿಯನ್ನು ಬಿಸಿಲಿಗೆ ಒಯ್ದು ತಂದು ಜಗಳ ಬಗೆಹರಿಸಿಕೊಳ್ಳುವರು. ಸಂಜೆಯ ಹೊತ್ತಿಗೆ ಒಂಬತ್ತೂ ಕಂಬಳಿ ಒಂಬತ್ತು ಬಣ್ಣವಾದವು.

ಕಾಕಾ ಅಷ್ಟು ಹೊತ್ತೂ ಪರದೆಯ ಹಿಂದೆ ಕೂತಿದ್ದರು, ನಮ್ಮ ಮುಖ ನೋಡುತ್ತ. ಒಮ್ಮೆ ಮಾತ್ರ ಎರಡು ಕಂಬಳಿ ಕೈಗೆತ್ತಿಕೊಂಡು, “ಇವೆರಡೂ ಒಂದ ಏನ?” ಎಂದು ನನ್ನನ್ನು ಮೆಲ್ಲಗೆ ಕೇಳಿದರು. ಒಂದು ಅಚ್ಚ ಕಪ್ಪು, ಇನ್ನೊಂದು ಬೆಲ್ಲದ ಕಂದು. ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು, “ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ?” ಎಂದು ನಕ್ಕೆ. ಅವರೂ ನಕ್ಕರು.

ಬಸ್ ಸ್ಟ್ಯಾಂಡಿನಲ್ಲಿ ನನ್ನ ಹುಕ್ಕೇರಿಯ ಬಸ್ಸು ಮೊದಲು ಬಂತು. ಕಾಕಾ ಚಾದರದ ಗಂಟನ್ನು ನನ್ನ ಕೈಗಿಟ್ಟರು.

“ಇದನ್ನ ನೀ ಒಯ್ಯಿ. ಮೊದಲ ಒಂದ ಹಾಳಿ ಅಷ್ಟ ಅಚ್ಚ ಹಾಕ್ಸು. ಕಂಬಳಿ ಬಾಜೂಕ ಹಿಡದ ನೋಡಿ, ಆಮ್ಯಾಲ ಉಳದದ್ದ.”

“ನಿಮಗ ಬ್ಯಾಡೇನ್ರಿ ಪರದೆ?”

“ನನಗ್ಯಾಕ?” ಎಂದರು. “ಎರಡ ವರ್ಷ ಆತು, ಕರೀದು ಕಂದು ಎರಡೂ ನನಗ ಒಂದ ಕಾಣತಾವ. ಈಗೀಗ ಬಿಳೀದೂ ಹೊಗಿ ಹೊಗಿ. ಉಗರ ನನಗ ಅಲ್ಲ, ನಿಮಗ ತೋರ್ಸಾಕ ಹಿಡೀತೀನಿ.”

ಕಣ್ಣಿಗೆ ಪೊರೆ ಬಂದಿತ್ತು. ಪೊರೆ ತೆಗೆದರೂ ಪ್ರಯೋಜನವಿಲ್ಲ, ಹಿಂದಿನ ನರವೇ ಒಣಗಿದೆ ಎಂದು ಡಾಕ್ಟರು ಹೇಳಿದ್ದರಂತೆ. ಹಾಗಾದರೆ ನಮ್ಮ ಪಡಸಾಲೆಯಲ್ಲಿ ದಿನಪೂರ್ತಿ ಕೂತು ಆರಿಸಿದ್ದು? ಅವರು ಪರದೆ ನೋಡುತ್ತಲೇ ಇರಲಿಲ್ಲ. ಕೆಲಸ ಮಾಡುವವರನ್ನು ನೋಡುತ್ತಿದ್ದರು. ಎಲ್ಲಿ ಕಣ್ಣು ಕಿರಿದು ಮಾಡುತ್ತೇವೆ, ಎಲ್ಲಿ ಬೆನ್ನು ಬಾಗುತ್ತದೆ, ಎಲ್ಲಿ ಎರಡನೇ ಸಲ ತಿದ್ದುತ್ತೇವೆ ಎಂದು. ಬಸ್ಸಿನಲ್ಲಿ ಆ ಗಂಟನ್ನು ತಬ್ಬಿಕೊಂಡು ಹುಕ್ಕೇರಿಯವರೆಗೂ ಅತ್ತೆ. ಪಕ್ಕದಲ್ಲಿ ಕೂತವಳು ಯಾರು ತೀರಿಕೊಂಡರೆಂದು ಕೇಳಿದಳು.

ಪುಸ್ತಕ ಮತ್ತೆ ಅಚ್ಚಾಯಿತು. ಪ್ರದರ್ಶನದಲ್ಲಿ ಆ ವ್ಯಾಪಾರಿ ಪುಟದ ಮೇಲೆ ಕಂಬಳಿಯ ಅಂಚು ಇಟ್ಟು ನೋಡಿ, ಒಂಬತ್ತೂ ಬಗೆಯವಕ್ಕೆ ಆರ್ಡರು ಬರೆದುಕೊಟ್ಟರಂತೆ. ಅವ್ವ ಗಡುವಿನ ಮಾತು ಮತ್ತೆ ಎತ್ತಲಿಲ್ಲ. ಮೂಡಲಗಿಯವರ ಕೆಲಸ ಇಂದಿಗೂ ನಾನೇ ಮಾಡುತ್ತೇನೆ, ಕಾಕಾನ ಪರದೆಯಲ್ಲೇ. ಅವರ ಪಟ್ಟಿಯಲ್ಲಿದ್ದ ಸಾದಾ ಡಬ್ಬಿಯನ್ನೂ ಪೆನ್ ಟ್ಯಾಬ್ಲೆಟ್ಟನ್ನೂ ಆಮೇಲೆ ತಂದೆ. ಹೊಳೆಯುವ ಲ್ಯಾಪ್‌ಟಾಪಿನಲ್ಲಿ ಅವ್ವ ಸೀರಿಯಲ್ಲು ನೋಡುತ್ತಾಳೆ.

ಆಮೇಲೆ ಮೂರು ವರ್ಷ ಕಾಕಾ ನನ್ನ ತೋಳು ಹಿಡಿದು ಊರೂರು ತಿರುಗಿದರು. ಧುಪದಾಳದ ಕಸೂತಿಯವಳಿಗೆ ಹೊಸ ಯಂತ್ರ ಬೇಡ, ಇದ್ದುದಕ್ಕೇ ಮೆಮೊರಿ ಹಾಕಿಸು ಎಂದು ಹೇಳಿಬಂದದ್ದು ಅವರ ಕೊನೆಯ ಸುತ್ತಾಟ. ಅವಳು ದಾರದ ಬಣ್ಣಗಳನ್ನು ಹೇಳುತ್ತಿದ್ದರೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೋದ ಶ್ರಾವಣದಲ್ಲಿ ಎರಡು ದಿನದ ಜ್ವರದಲ್ಲಿ ಲಿಂಗೈಕ್ಯರಾದರು. ನಾನು ಮಣ್ಣು ಕೊಡಲು ಹೋಗಿದ್ದೆ. ಅಂಕಲಗಿಯ ಫ್ಲೆಕ್ಸಿನವನು ಎಲ್ಲರಿಗಿಂತ ಹೆಚ್ಚು ಅತ್ತ.

ತಿಂಗಳು ಕಳೆದ ಮೇಲೆ ಕಾಕಾನ ಹೆಂಡತಿ, ಕಾಕು, ನನ್ನ ಮನೆಗೆ ಬಂದರು. ಗಂಡನ ಫೋಟೋವನ್ನು ಗೋಡೆಗೆ ಹಾಕಲು ಯಾವುದೋ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದರು. ಸ್ಟುಡಿಯೋದವರು ನಮ್ಮ ಕಡೆಯ ರೂಢಿಯಂತೆ ಮುಖವನ್ನು ಹಾಲಿನಲ್ಲಿ ತೊಳೆದಂತೆ ಬೆಳ್ಳಗೆ ಮಾಡಿ, ಸುಕ್ಕು ತೆಗೆದು, ಪೊರೆ ಬಂದ ಕಣ್ಣುಗಳನ್ನು ತಿಳಿಯಾಗಿಸಿ, ನಡುವೆ ಒಂದೊಂದು ಮಿಂಚಿನ ಚುಕ್ಕೆ ಇಟ್ಟುಕೊಟ್ಟಿದ್ದರು.

“ಯಾರೋ ಮಾಮಲೇದಾರ ಸಾಹೇಬ್ರ ಇದ್ದಂಗ ಅದಾರ ಯವ್ವಾ,” ಎಂದರು ಕಾಕು. “ಸರಿ ಮಾಡಿ ಕೊಡು.”

ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾನು ಕೆಳಗೆ ಕೂತೆ. ಅವರು ಹೇಳಿದಂತೆ ಕೆನ್ನೆಯ ಕಪ್ಪು ಬಂತು. ಹಣೆಯ ಗೆರೆಗಳು ಬಂದವು. ಕಿವಿಯ ಹತ್ತಿರದ ಸುಟ್ಟ ಕಲೆಯನ್ನು ಅವರೇ ಬೆರಳಿಟ್ಟು ತೋರಿಸಿದರು, ನಾನು ಅಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ. ಒಂದೊಂದಾಗಿ ಕಾಕಾ ಮರಳಿ ಬಂದರು. ಉಳಿದದ್ದು ಕಣ್ಣು. ಆ ಸುಳ್ಳು ಹೊಳಪನ್ನು ಅಳಿಸಿ ಪೊರೆಯ ಮಸುಕನ್ನು ತರಲೆಂದು ಪೆನ್ನು ಅಲ್ಲಿಗೆ ಒಯ್ದೆ. ಕಾಕು ಬಾಗಿ ನನ್ನ ಮುಂಗೈ ಹಿಡಿದರು.

“ಅದೊಂದ ಹಂಗ ಇರ್ಲಿ,” ಎಂದರು. “ಇನ್ನ ಮ್ಯಾಲರ ಅವರಿಗೆ ಕಾಣ್ಲಿ.”

ನಾನು ಪೆನ್ನು ಕೆಳಗಿಟ್ಟೆ.